ಸವತಿಗೆ ಹೊಸ ಪೈಪು

ಮಾರ್ಚ್ ೪, ಮಂಗಳವಾರ

ಮೈದುನ ಬಂದಿದ್ದ. ಬಂದವನು ಮನೆಯೊಳಗೆ ಕಾಲಿಡದೆ ನೇರ ಹಿಂದಿನ ಶೆಡ್ಡಿಗೆ ಹೋಗಿ ನನ್ನ ಸವತಿಯ ಹೊದಿಕೆ ಸರಿಸಿ ನೋಡಿದ. ಸವತಿ ಎಂದರೆ ಕಾರು. ಇವರು ವರ್ಷಗಟ್ಟಲೆ ಕೂತು ಒಂದೊಂದೇ ಭಾಗ ಜೋಡಿಸಿ ಕಟ್ಟಿದ ಓಟದ ಕಾರು. ಊರವರ ಗಾಡಿಗಳ ರಿಪೇರಿ ಮುಗಿಸಿ, ಉಳಿದ ಹೊತ್ತನ್ನೆಲ್ಲ ಅದಕ್ಕೇ ಸುರಿದರು. ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮನುಷ್ಯ, ಅದರ ಇಂಜಿನ್ನು ಸಣ್ಣಗೆ ಕೆಮ್ಮಿದರೂ ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದರು. ಸವತಿ ಎನ್ನದೆ ಇನ್ನೇನೆನ್ನಲಿ?

ಪ್ರತಿವರ್ಷ ಮಾರ್ಚಿನ ಕೊನೆಯ ಭಾನುವಾರ ಬೆಟ್ಟದ ಓಟ. ರಸ್ತೆ ಮುಚ್ಚಿಸಿ ಒಂದೊಂದೇ ಕಾರನ್ನು ಮೇಲಕ್ಕೆ ಬಿಡುತ್ತಾರೆ, ಯಾರು ಬೇಗ ತುದಿ ಮುಟ್ಟಿದರೆಂದು ನೋಡುತ್ತಾರೆ. ನಮ್ಮ ಕಾರು ಓಡಿಸುವವನು ಮೈದುನ. ವಾರವೆಲ್ಲ ಶಾಲೆ ಮಕ್ಕಳ ಬಸ್ಸನ್ನು ಆಮೆಯ ಹಾಗೆ ಓಡಿಸಿ ಬೇಸತ್ತವನಿಗೆ ಅದೊಂದು ದಿನವೇ ಹಬ್ಬ.

ಈ ಸಲ ಚಳಿಗಾಲದಲ್ಲಿ ಇವರು ಬಲ ಹೆಚ್ಚಲೆಂದು ಇಂಜಿನ್ನಿಗೆ ಟರ್ಬೊ ಕೂರಿಸಿದರು, ಟ್ಯಾಂಕಿಗೆ ದೊಡ್ಡ ಪಂಪು ಹಾಕಿದರು. ಇನ್ನು ಪೆಟ್ರೋಲಿನ ಪೈಪು ಬದಲಾಯಿಸುವುದೊಂದು ಬಾಕಿ ಎನ್ನುವಷ್ಟರಲ್ಲಿ ಒಂದು ಬೆಳಗ್ಗೆ ಚಹಾದ ಲೋಟ ಕೈಜಾರಿತು. ಪಾರ್ಶ್ವವಾಯು. ಮಾತು ಉಳಿಯಿತು. ಕಾಲು ಕುಂಟುತ್ತಲೇ ದಾರಿಗೆ ಬಂತು. ಬಲಗೈ ಮಾತ್ರ ಇವರ ಮಾತು ಕೇಳುತ್ತಿಲ್ಲ. ಅದನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ, ಯಾರಿಗೂ ತೋರಿಸಬಾರದ ವಸ್ತುವಿನ ಹಾಗೆ. ಶೆಡ್ಡಿನ ಕಡೆ ತಲೆಯೇ ಹಾಕಿಲ್ಲ.

ಹಳೆಯ ಪೈಪು ಸಣ್ಣದು, ರಬ್ಬರು ಬಿರಿದಿದೆ, ಇಂಜಿನ್ನು ಈಗ ಕುಡಿಯುವಷ್ಟು ಪೆಟ್ರೋಲು ಅದರಲ್ಲಿ ಬರುವುದಿಲ್ಲ ಎಂದ ಮೈದುನ. ತಲೆ ಕೆರೆದುಕೊಂಡು, ಬೇರೆ ಗ್ಯಾರೇಜಿಗೆ ಒಯ್ಯಲೇ ಎಂದು ನನ್ನನ್ನು ಕೇಳಿದ. ಇವರು ಕಿಟಕಿಯ ಒಳಗಿನಿಂದಲೇ ಉತ್ತರ ಕೊಟ್ಟರು.

"ಒಯ್ಯಲಿ ಬಿಡು. ಪರವಾಗಿಲ್ಲ."

ಈ "ಪರವಾಗಿಲ್ಲ" ಕೇಳಿ ಕೇಳಿ ನನಗೆ ಸಾಕಾಗಿದೆ. ಚಹಾ ತಣ್ಣಗಾದರೂ ಪರವಾಗಿಲ್ಲ, ಉಪ್ಪು ಹೆಚ್ಚಾದರೂ ಪರವಾಗಿಲ್ಲ. ಮದುವೆಯಾದಾಗಿನಿಂದ ನನ್ನ ಮೇಲೆ ರೇಗಾಡಿಕೊಂಡೇ ಬಂದವರು ಈಗ ನೆಂಟರ ಮನೆಗೆ ಬಂದವರಂತೆ ಇದ್ದಾರೆ. ಇನ್ನೊಬ್ಬರ ಗ್ಯಾರೇಜಿಗೆ ಆ ಕಾರು ಹೋಯಿತೋ, ಈ ಮನುಷ್ಯ ಇನ್ನು ಕುರ್ಚಿ ಬಿಟ್ಟು ಏಳುವುದಿಲ್ಲ. ನಾಲ್ಕು ದಿನ ತಡಿ ಎಂದು ಮೈದುನನನ್ನು ಕಳಿಸಿದೆ. ತಡೆದು ಏನು ಮಾಡುತ್ತೇನೋ ನನಗೂ ತಿಳಿಯದು.

ಮಾರ್ಚ್ ೬, ಗುರುವಾರ

ತಿಂಡಿ ತಿನ್ನುವಾಗ ಹೇಳಿಯೇಬಿಟ್ಟೆ. ನಿಮ್ಮ ಬಾಯಿ, ನನ್ನ ಕೈ, ಇಬ್ಬರೂ ಸೇರಿ ಆ ಪೈಪು ಹಾಕೋಣ ಎಂದೆ. ಪರದೆ ಹೊಲಿಯುವವಳಿಗೆ ಯಾಕೆ ಆ ಎಣ್ಣೆ ಕೊಳೆ, ನಿನಗೆ ತೊಂದರೆ ಎಂದರು. ಅದೂ ಎಷ್ಟು ಮೆತ್ತಗೆ! ನನ್ನ ಪಿತ್ತ ನೆತ್ತಿಗೇರಿತು.

ಹೊಲಿಗೆ ಮೆಷಿನ್ ಮುಚ್ಚಿಟ್ಟು ಶೆಡ್ಡಿಗೆ ಹೋದೆ. ಬೇಕೆಂದೇ ಸ್ಪ್ಯಾನರುಗಳನ್ನು ಸದ್ದು ಮಾಡುತ್ತಾ ಹರಡಿದೆ. ಕಾರಿನ ಅಡಿಗೆ ಬಗ್ಗಿ ನೋಡಿದರೆ ಅಲ್ಲಿ ಒಂದಲ್ಲ, ಸಾಲು ಸಾಲು ಪೈಪುಗಳು. ಕಣ್ಣಿಗೆ ಬಿದ್ದ ಒಂದರ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸತೊಡಗಿದೆ. ಬಾಗಿಲಲ್ಲಿ ನೆರಳು ಬಿತ್ತು.

"ಅದು ಬ್ರೇಕಿಂದು. ಬಿಚ್ಚಿದ್ರೆ ನನ್ನ ತಮ್ಮ ಬೆಟ್ಟ ಹತ್ತೋದು ಹತ್ತುತ್ತಾನೆ, ಇಳಿಯೋದು ನೇರ ಆಸ್ಪತ್ರೆಗೆ."

"ಮತ್ತೆ ಯಾವುದು ಅಂತ ಬಂದು ತೋರ್ಸಿ."

ಬಂದರು. ಎಡಗೈಯಲ್ಲಿ ತೋರಿಸಿದರು. ಬಲಗೈ ಜೇಬಿನಲ್ಲೇ. ನಾನು ಬೇಕೆಂದೇ ಬ್ರೇಕಿನ ಪೈಪಿಗೆ ಕೈ ಹಾಕಿದೆ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಜಾಣೆ ಎಂಬ ಹೆಸರು ಪುಕ್ಕಟೆ ಬಂದರೆ ಯಾರು ಬೇಡ ಎನ್ನುತ್ತಾರೆ.

ಮಾರ್ಚ್ ೯, ಭಾನುವಾರ

ಕಾರನ್ನು ಅಂಗಳಕ್ಕೆ ತಳ್ಳಿಸಿ, ಬ್ಯಾಟರಿಯ ತಂತಿ ಬಿಚ್ಚಿಸಿ, ಟ್ಯಾಂಕಿನ ಪೆಟ್ರೋಲು ಕ್ಯಾನಿಗೆ ಇಳಿಸಿದ ಮೇಲೆಯೇ ಕೆಲಸ ಶುರುಮಾಡಿಸಿದರು. ಒಲೆ ಹಚ್ಚಬೇಡ ಎಂದು ಪಕ್ಕದ ಮನೆಯವಳಿಗೂ ಹೇಳಿ ಕಳಿಸಿದರು. ಅವಳು, ಹಾಗಾದರೆ ಮಧ್ಯಾಹ್ನದ ಊಟ ನಿಮ್ಮ ಮನೆಯಲ್ಲೇ ಎಂದಳು. ನಮ್ಮ ಒಲೆಯೂ ಹಚ್ಚುವ ಹಾಗಿರಲಿಲ್ಲ. ಎಲ್ಲರೂ ಬ್ರೆಡ್ಡು ತಿಂದೆವು.

ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ನಾನು ಅಡಿಗೆ ಹೋದೆ, ಇವರು ಪಕ್ಕದಲ್ಲಿ ಮಣೆ ಹಾಕಿ ಕೂತರು. ಹಳೆಯ ಪೈಪು ಕೈಗೆ ಬಂದಾಗ ಗಾಬರಿಯಾಯಿತು. ಮಡಚಿದರೆ ಸಾಕು, ಒಣಗಿದ ಗದ್ದೆಯ ಹಾಗೆ ಬಿರುಕು. ಇಷ್ಟು ದಿನ ಇಂಥದ್ದನ್ನು ನಂಬಿ ಆ ಹುಡುಗ ಬೆಟ್ಟ ಹತ್ತುತ್ತಿದ್ದನಲ್ಲ ಎಂದೆ. ಇವರು ತಲೆತಗ್ಗಿಸಿದರು. ಬದಲಾಯಿಸಬೇಕು ಎಂದುಕೊಂಡೇ ಇದ್ದೆ ಎಂದರು. ಯಾಕಾದರೂ ಆಡಿದೆನೋ ಎನಿಸಿತು.

ಮಾರ್ಚ್ ೧೧, ಮಂಗಳವಾರ

ಪರದೆ ಹೊಲಿಸಿಕೊಂಡು ಹೋದ ಗಿರಾಕಿ ವಾಪಸ್ಸು ತಂದಳು. ಪೆಟ್ರೋಲಿನ ವಾಸನೆಯಂತೆ. ಒಗೆದು ಹಾಕಿದೆ. ಎಷ್ಟು ತೊಳೆದರೂ ನನ್ನ ಕೈಯ ವಾಸನೆ ಹೋಗುತ್ತಿಲ್ಲ. ಇವರ ಕೈ ಮೊದಲು ಹೀಗೇ ನಾರುತ್ತಿತ್ತು, ದಿಂಬೆಲ್ಲ ನಾರುತ್ತದೆಂದು ನಾನು ಎಷ್ಟು ಜಗಳ ಆಡಿದ್ದೇನೆ. ಈಗ ಇವರ ಕೈ ಸೋಪಿನ ಪರಿಮಳ ಬೀರುತ್ತದೆ.

ಮಾರ್ಚ್ ೧೫, ಶನಿವಾರ

ಹೊಸ ಪೈಪು ಬಂತು. ಒಳಗೆ ರಬ್ಬರು, ಹೊರಗೆ ಜಡೆ ಹೆಣೆದ ಹಾಗೆ ಉಕ್ಕಿನ ಎಳೆಗಳ ಜಾಲರಿ. ನೋಡಲು ಚಂದ, ಮುಟ್ಟಿದರೆ ಸೂಜಿಯಂತೆ ಚುಚ್ಚುತ್ತದೆ. ಕತ್ತರಿಸುವ ಜಾಗಕ್ಕೆ ಮೊದಲು ಬಿಗಿಯಾಗಿ ಟೇಪು ಸುತ್ತಬೇಕು, ಆಮೇಲೆ ಸಣ್ಣ ಹಲ್ಲಿನ ಗರಗಸದಿಂದ ನೇರ ಕೊಯ್ಯಬೇಕು ಎಂದರು. ಬಟ್ಟೆ ಕತ್ತರಿಸಿಕೊಂಡೇ ಬದುಕಿದವಳು ನಾನು, ಇದ್ಯಾವ ಮಹಾ ಎಂದು ಟೇಪನ್ನು ಸಡಿಲ ಸುತ್ತಿ ಗರಗಸ ಎಳೆದೆ. ಎಳೆಗಳೆಲ್ಲ ಬಿಚ್ಚಿ ಪೊರಕೆಯಾಗಿ ನಿಂತವು. ಗರಗಸ ಮೊಂಡು ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಬಿಗಿಯಾಗಿ ಸುತ್ತು ಅಂದ್ರೆ ಸೊಪ್ಪಿನ ಕಟ್ಟು ಕಟ್ಟಿದ ಹಾಗೆ ಕಟ್ಟಿದೀಯಲ್ಲ! ಕಿವಿ ಎಲ್ಲಿಟ್ಟಿದ್ದೆ? ಒಂದು ಮೊಳ ಪೈಪು ಹಾಳು!"

ಶೆಡ್ಡಿನ ತಗಡು ಅದುರುವ ಹಾಗೆ ಕೂಗಿದರು. ಕೂಗಿ ತಾವೇ ಬೆಚ್ಚಿ ನನ್ನ ಮುಖ ನೋಡಿದರು. ನಾನು ನೀರು ಕುಡಿದು ಬರುತ್ತೇನೆ ಎಂದು ಹೊರಗೆ ಹೋಗಿ, ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ಅತ್ತೆ. ಎಷ್ಟು ಖುಷಿಯಾಯಿತೆಂದರೆ ಅಳು ನಿಲ್ಲಲೇ ಇಲ್ಲ. ನನ್ನ ಗಂಡ ನನ್ನನ್ನು ಬೈದರು. ಮನೆಗೆ ವಾಪಸ್ಸು ಬಂದರು.

ಮುಖ ತೊಳೆದು ಹೋಗಿ ಎರಡನೆಯ ತುಂಡನ್ನು ಬೆಣ್ಣೆಯಂತೆ ಕೊಯ್ದೆ. ಇವರು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಹೊಗಳುವ ಅಭ್ಯಾಸ ಮೊದಲೂ ಇರಲಿಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತು ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಮುಖ ಗಂಟು ಹಾಕಿದರು. ಇನ್ನೊಂದು ಚಮಚ ಹಾಕಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇರಲಿ ಎಂದು.

ಮಾರ್ಚ್ ೨೦, ಗುರುವಾರ

ಎಲ್ಲ ಪೈಪುಗಳೂ ಕೂತವು. ಟ್ಯಾಂಕಿನಿಂದ ಇಂಜಿನ್ನಿಗೆ ಒಂದು, ಮಿಕ್ಕಿದ್ದನ್ನು ವಾಪಸ್ಸು ಟ್ಯಾಂಕಿಗೆ ತರುವುದೊಂದು. ಪ್ರತಿ ತುದಿಗೂ ಲೋಹದ ಫಿಟ್ಟಿಂಗು: ಅದರ ಮೂತಿಯನ್ನು ರಬ್ಬರಿನ ಬಾಯೊಳಗೆ ತುರುಕಿ ತಿರುಗಿಸಿ ಬಿಗಿಯಬೇಕು. ಪಂಪಿನ ಹತ್ತಿರದ್ದೊಂದು ಬಹಳ ಕಾಡಿತು. ಅದರ ಬಾಯಲ್ಲಿ ರಬ್ಬರಿನ ಒಂದು ಚೂರು ಅಂಚು ಎದ್ದಿತ್ತು, ಎಷ್ಟು ಮಾಡಿದರೂ ಹೊರಗೆ ಇಣುಕುತ್ತಿತ್ತು. ಉಗುರಿನಿಂದ ಒಳಕ್ಕೆ ಮಡಚಿ, ಮೇಲೆ ಫಿಟ್ಟಿಂಗು ಕೂರಿಸಿ ಬಿಗಿದೆ. ಹೊರಗೆ ಒಂದು ಎಳೆ ಕಾಣುವುದಿಲ್ಲ. ಇವರೇ ತಿರುಗಿಸಿ ತಿರುಗಿಸಿ ನೋಡಿ, ಹ್ಞೂಂ ಎಂದರು. ಆ ಹ್ಞೂಂಗೆ ಒಂದು ಸನ್ಮಾನದ ಬೆಲೆ.

ಪೈಪು ಹಾದುಹೋಗುವ ದಾರಿ ನೋಡಲು ಇವರೂ ಅಡಿಗೆ ಬಂದು ಮಲಗಿದರು. ಚಾಪೆ ಸಣ್ಣದು, ಭುಜಕ್ಕೆ ಭುಜ ತಾಗುತ್ತಿತ್ತು. ಇಲ್ಲಿ ಸೈಲೆನ್ಸರ್ ಕಾಯುತ್ತದೆ, ದೂರ ಇಡು. ಇಲ್ಲಿ ಅಂಚಿಗೆ ಉಜ್ಜುತ್ತದೆ, ರಬ್ಬರು ಸುತ್ತು. ಮೆಲ್ಲಗೆ ಹೇಳುತ್ತಾ ಹೋದರು, ನಾನು ಕಟ್ಟುತ್ತಾ ಹೋದೆ. ಈ ಸವತಿಯ ಹೊಟ್ಟೆಯಡಿ ಇಷ್ಟು ತಂಪು ಎಂದು ಗೊತ್ತಿರಲಿಲ್ಲ.

ಅಲ್ಲೇ ಕೇಳಿದೆ, ಬೆಟ್ಟಕ್ಕೆ ಬರುತ್ತೀರಲ್ಲ ಎಂದು. ನೋಡೋಣ ಎಂದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಓಟದಲ್ಲಿ ಗೆಲ್ಲುವುದು ಸೋಲುವುದು ನನಗೆ ಬೇಡ. ಆ ದಿನ ಇವರು ಮನೆ ಬಿಟ್ಟು ಹೊರಡಬೇಕು, ಮೊದಲಿನ ಹಾಗೆ ಜನರ ನಡುವೆ ನಿಲ್ಲಬೇಕು. ನನಗೆ ಬೇಕಾದ್ದು ಅಷ್ಟೇ.

ಮಾರ್ಚ್ ೨೩, ಭಾನುವಾರ

ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ನಿಂತಲ್ಲಿ ಇಂಜಿನ್ನು ಚೆನ್ನಾಗಿಯೇ ಹಾಡಿತು. ಒಂದು ಹನಿ ಸೋರಿಕೆ ಇಲ್ಲ. ನಿಧಾನಕ್ಕೆ ಹೋದರೂ ಸರಿ. ಮೈದುನ ಆಕ್ಸಿಲರೇಟರ್ ಪೂರ್ತಿ ಒತ್ತಿದ ಕೂಡಲೇ ಮಾತ್ರ ಕೆಮ್ಮಿ, ಮುಗ್ಗರಿಸಿ, ಸುಸ್ತಾಯಿತು. ಮತ್ತೆ ಒತ್ತಿದ, ಮತ್ತೆ ಅದೇ. ಇನ್ನೂ ಒತ್ತಿದರೆ ಪಿಸ್ಟನ್ ಸುಟ್ಟುಹೋಗುತ್ತದೆ ಎಂದು ಇವರೇ ಕೈ ಅಡ್ಡ ಹಿಡಿದು ನಿಲ್ಲಿಸಿದರು.

ಪೆಟ್ರೋಲು ಸಾಲುತ್ತಿಲ್ಲ. ಅಷ್ಟು ದಪ್ಪ ಪೈಪು ಹಾಕಿದ ಮೇಲೂ ಸಾಲುತ್ತಿಲ್ಲ. ಫಿಲ್ಟರ್ ತೆಗೆದು ನೋಡಿದೆವು, ಚೊಕ್ಕವಾಗಿತ್ತು. ಪಂಪಿಗೆ ಕರೆಂಟು ಸರಿಯಾಗಿ ಬರುತ್ತಿತ್ತು. ಮೈದುನ ಹಿಂಜರಿಯುತ್ತಲೇ ಹೇಳಿದ, ಇನ್ನೊಂದೇ ವಾರ ಇದೆ, ಯಾರಿಗಾದರೂ ತೋರಿಸೋಣವೇ ಅಣ್ಣ ಎಂದು. ಅವನದೇನೂ ತಪ್ಪಿಲ್ಲ, ಒಳಗೆ ಕೂರುವವನು ಅವನು.

"ತೋರ್ಸು. ಪರವಾಗಿಲ್ಲ."

ಮನೆಗೆ ಬಂದು ಕುರ್ಚಿಯಲ್ಲಿ ಕೂತರು, ಕೈ ಜೇಬಿನಲ್ಲಿ.

ಮಾರ್ಚ್ ೨೪, ಸೋಮವಾರ

ಬರೆಯುವ ಮನಸ್ಸಿಲ್ಲ. ಚಹಾ ತಣ್ಣಗಾಗಿತ್ತು. ಸುಮ್ಮನೆ ಕುಡಿದರು.

ಮಾರ್ಚ್ ೨೬, ಬುಧವಾರ

ನಿನ್ನೆಯಿಂದ ಮತ್ತೆ ಹೊಲಿಗೆಗೆ ಕೂತಿದ್ದೇನೆ. ಬೆಳಗ್ಗೆ ಪರದೆಯ ಅಂಚು ಹೊಲಿಯುತ್ತಿದ್ದೆ. ಬಟ್ಟೆಯ ತುದಿ ಎಳೆ ಬಿಟ್ಟಿತ್ತು. ಬಿಟ್ಟ ಎಳೆಯನ್ನು ಉಗುರಿನಿಂದ ಒಳಕ್ಕೆ ಮಡಚಿ ಮೇಲೆ ಹೊಲಿಗೆ ಹಾಕಿದೆ. ಹಾಕುತ್ತಿದ್ದ ಹಾಗೇ ಕೈ ನಿಂತಿತು.

ಹೊಲಿಯುವವಳ ಬುದ್ಧಿ! ಹರಿದದ್ದು, ಸಿಕ್ಕಾದದ್ದು ಏನೇ ಇರಲಿ ಒಳಕ್ಕೆ ಮಡಚು, ಹೊರಗೆ ಚಂದ ಕಂಡರಾಯಿತು. ಪರದೆಯ ಒಳಗೆ ಯಾರೂ ಇಣುಕುವುದಿಲ್ಲ. ಪೈಪಿನ ಒಳಗೆ ಪೆಟ್ರೋಲು ಹರಿಯಬೇಕು.

ಇವರ ಎದುರು ಹೋಗಿ ನಿಂತು ಹೇಳಿದೆ. ಪಂಪಿನ ಹತ್ತಿರದ ಆ ಬಾಯಲ್ಲಿ ರಬ್ಬರಿನ ಅಂಚನ್ನು ಒಳಕ್ಕೆ ಮಡಚಿದ್ದೇನೆ ಎಂದು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಬಿಗಿದ ಮೇಲೆ ಬೆಳಕಿಗೆ ಎತ್ತಿ ಹಿಡಿದು ಒಳಗೆ ನೋಡ್ಲಿಲ್ವಾ?"

"ನೋಡು ಅಂತ ನೀವು ಹೇಳ್ಲಿಲ್ಲ."

"ಹೌದು, ಹೇಳ್ಲಿಲ್ಲ. ಹೇಳ್ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ ಕಣೇ. ಬಿಗಿದ ಕೂಡ್ಲೇ ಕೈ ತಾನಾಗಿ ಎತ್ತಿ ಕಣ್ಣಿಗೆ ಹಿಡಿತಿತ್ತು. ಅದಕ್ಕೆ ಗೊತ್ತಿದ್ದದ್ದು ನಂಗೆ ಗೊತ್ತಿರ್ಲಿಲ್ಲ."

ಶೆಡ್ಡಿಗೆ ಹೋಗಿ ಆ ತುಂಡನ್ನು ಬಿಚ್ಚಿ ತಂದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಒಳಗೆ ದುಂಡಗೆ ಕಾಣಬೇಕಾದ ಬೆಳಕು ಅರ್ಧ ಚಂದ್ರನಾಗಿತ್ತು. ಒಂದು ನಾಲಿಗೆಯಷ್ಟು ರಬ್ಬರು ಅಡ್ಡ ನಿಂತಿತ್ತು. ಮೆಲ್ಲಗೆ ಹರಿಯುವಾಗ ಅದು ಸುಮ್ಮನೆ ಮಲಗಿರುತ್ತದೆ, ಜೋರಾಗಿ ಹರಿದರೆ ಎದ್ದು ಬಾಯಿ ಮುಚ್ಚುತ್ತದೆ ಎಂದರು. ಹೇಳುವಾಗ ಇವರಿಗೆ ನಗು ಬಂತು. ಗಂಡ ಹೇಳಲು ಮರೆತದ್ದು, ಹೆಂಡತಿ ಮುಚ್ಚಿಟ್ಟದ್ದು, ಎರಡೂ ಒಂದೇ ಪೈಪಿನಲ್ಲಿ ಸಿಕ್ಕಿಬಿದ್ದವಲ್ಲ ಎಂದು ಇಬ್ಬರೂ ನಕ್ಕೆವು.

ಆಮೇಲೆ ಇವರು ಸುಮ್ಮನೆ ಕೂರಲಿಲ್ಲ. ಕೈಗೆ ಇನ್ನೂ ಏನೇನು ಗೊತ್ತಿದೆಯೋ ಎಂದರು. ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದರು. ಎಡಗೈಯಲ್ಲಿ ಮಾಡಿ ನೋಡಿದರು, ನೆನಪಿಗೆ ಬರಲಿಲ್ಲ. ಆಗ ಕಣ್ಣು ಬಿಟ್ಟು ಜೇಬಿನಿಂದ ಬಲಗೈ ತೆಗೆದರು. ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಅದು ಎಷ್ಟು ಆಡುತ್ತದೋ ಅಷ್ಟು ಗಾಳಿಯಲ್ಲಿ ಆಡಿಸಿದರು. ನಡುಗುತ್ತಾ, ತಪ್ಪುತ್ತಾ, ಇಲ್ಲದ ಪೈಪನ್ನು ಹಿಡಿದು ಇಲ್ಲದ ಫಿಟ್ಟಿಂಗನ್ನು ತಿರುಗಿಸಿತು ಅದು. ಇವರು ನೋಡಿ ನೋಡಿ ಹೇಳುತ್ತಾ ಹೋದರು. ಮೂತಿಗೆ ಮೊದಲು ಎಣ್ಣೆ ಸವರುತ್ತೆ. ಪೈಪು ಹಿಂದಕ್ಕೆ ಜಾರಿದ್ದು ತಿಳಿಯಲಿ ಅಂತ ಟೇಪಿನ ಗುರುತು ಹಾಕುತ್ತೆ. ಕೊಯ್ದ ಮೇಲೆ ಒಳಗಿನ ಪುಡಿ ಹೋಗಲಿ ಅಂತ ಗಾಳಿ ಊದುತ್ತೆ. ಇದ್ಯಾವುದನ್ನೂ ನಾನು ಮಾಡಿರಲಿಲ್ಲ.

ನಾನು ಆ ಕೈಯನ್ನೇ ನೋಡುತ್ತಿದ್ದೆ. ಈ ತಿಂಗಳುಗಳಲ್ಲಿ ಅದನ್ನು ಇಷ್ಟು ಹೊತ್ತು ನೋಡಿರಲಿಲ್ಲ. ತೆಳ್ಳಗಾಗಿದೆ. ಪಾಪ, ಎಷ್ಟು ಕೆಲಸ ಮಾಡಿದ ಕೈ.

ಮಾರ್ಚ್ ೨೯, ಶನಿವಾರ

ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಮಾಡಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ, ಒಂದೊಂದರಲ್ಲೂ ದುಂಡು ಬೆಳಕು. ಆ ಪಂಪಿನ ಹತ್ತಿರದ ತುದಿಯನ್ನು ಇವರು ನೆಟ್ಟಗಿದೆ ಎಂದರೂ ಮತ್ತೊಮ್ಮೆ ಬಿಚ್ಚಿದೆ. ಬಾಯಿ ಅರೆ ಎಳೆಯಷ್ಟು ಓರೆಯಾಗಿತ್ತು, ನನಗೆ ಸಮಾಧಾನವಾಗಲಿಲ್ಲ. ಪಂಪು ಹಾಕಿ ಕ್ಯಾನಿಗೆ ಬಿಟ್ಟು ನೋಡಿದಾಗ ಪೆಟ್ರೋಲು ಹಸುವಿನ ಕೆಚ್ಚಲಿನಿಂದ ಬಂದಂತೆ ನೊರೆಯೆದ್ದು ಸುರಿಯಿತು. ರಸ್ತೆಯಲ್ಲಿ ಓಡಿಸಿ ನೋಡಲು ಹೊತ್ತಿರಲಿಲ್ಲ. ಸಂಜೆಯೊಳಗೆ ಕಾರು ಬೆಟ್ಟದ ಬುಡ ಸೇರಬೇಕು. ಮೈದುನ ಬಂದು ಲಾರಿಯ ಮೇಲೆ ಏರಿಸಿಕೊಂಡು ಹೋದ. ಈಗ ಧೈರ್ಯವಾಗಿ ಒತ್ತಬಹುದಾ ಅತ್ತಿಗೆ ಎಂದು ನನ್ನನ್ನು ಕೇಳಿದ. ಒತ್ತು ಎಂದೆ. ಅಣ್ಣನನ್ನು ಬಿಟ್ಟು ನನ್ನನ್ನೇಕೆ ಕೇಳಿದನೋ.

ಬೆಳಗ್ಗೆ ಬೇಗ ಹೊರಡಬೇಕು ಎಂದು ಇವರಿಗೆ ಹೇಳಿದೆ.

"ನೀನು ಹೋಗ್ಬಾ. ಅಲ್ಲಿ ಎಲ್ಲರೂ ಗುರುತಿನವ್ರು. ಬಂದು ಕೈ ಚಾಚ್ತಾರೆ. ಯಾವ ಕೈ ಕೊಡ್ಲಿ?"

ಇಷ್ಟು ದಿನದ ಗಂಟು ಇದು ಎಂದು ಆಗ ತಿಳಿಯಿತು. ನನಗೆ ಭಯವಾಗುತ್ತದೆ, ನೀವಿಲ್ಲದೆ ನಾನೊಬ್ಬಳೇ ಅಲ್ಲಿ ನಿಲ್ಲಲಾರೆ ಎಂದೆ. ಸುಳ್ಳೇನಲ್ಲ.

ಮಾರ್ಚ್ ೩೦, ಭಾನುವಾರ

ಬೆಳಗ್ಗೆ ಎದ್ದು ನೋಡಿದರೆ ಇವರು ಆಗಲೇ ಸ್ನಾನ ಮಾಡಿ ತಲೆ ಬಾಚಿ ಬಾಗಿಲಲ್ಲಿ ನಿಂತಿದ್ದರು. ನನ್ನದೇ ತಡವಾಯಿತೆಂದು ಬೈಸಿಕೊಂಡೆ.

ಬೆಟ್ಟದ ಬುಡದಲ್ಲಿ ಜನವೋ ಜನ. ಹಳೆಯ ಮೆಕ್ಯಾನಿಕ್ಕುಗಳು, ಓಡಿಸುವವರು, ಟೈರು ಮಾರುವವರು, ಎಲ್ಲರೂ ಮಾತಾಡಿಸಲು ಬಂದರು. ಇವರು ನಕ್ಕು ತಲೆ ಆಡಿಸಿದರು. ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಚಾಚಿದ ಕೈಯನ್ನು ಕೆಲವರು ಹಾಗೇ ಹಿಂದಕ್ಕೆ ತೆಗೆದುಕೊಂಡು ಕೂದಲು ಸವರಿಕೊಂಡರು. ನಾನು ನೋಡಿಯೂ ನೋಡದವಳಂತೆ ಇದ್ದೆ. ಬರಹೇಳಿ ತಪ್ಪು ಮಾಡಿದೆನೇ ಎನಿಸಿತು.

ಬಿಡುವ ಮೊದಲು ತಪಾಸಣೆಯವನು ಬಂದ. ಪೈಪು ಹೊಸದು ಎಂದು ಕಂಡು, ಇಂಜಿನ್ನು ಚಾಲೂ ಮಾಡಿಸಿ, ಅಡಿಯಲ್ಲಿ ಎಲ್ಲೂ ಪಸೆ ಇಲ್ಲವೆಂದು ಕಟ್ಟಿದವರೇ ಒಮ್ಮೆ ಮುಟ್ಟಿ ನೋಡಿ ಹೇಳಬೇಕು ಎಂದ. ನಾನು ಬಟ್ಟೆ ತೆಗೆದುಕೊಂಡು ಬಗ್ಗಿದೆ. ಇವರು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡರು.

"ನಾನು ನೋಡ್ತೀನಿ."

ಅಷ್ಟು ಜನರ ಎದುರು ಒಂದು ಕಾಲು ಮಡಚಿ, ಕಾರಿಗೆ ಒರಗಿ, ನೆಲಕ್ಕೆ ಕೂತು, ಆಮೇಲೆ ಮಗ್ಗುಲಾಗಿ ಮಲಗಿದರು. ಯಾರೋ ಹಿಡಿಯಲು ಮುಂದೆ ಬಂದರು, ನಾನು ಕಣ್ಣಿನಲ್ಲೇ ಬೇಡ ಎಂದೆ. ಎಡಗೈ ಒಂದೊಂದು ಸಂದಿಯನ್ನೂ ಸವರುತ್ತಾ ಟ್ಯಾಂಕಿನಿಂದ ಮುಂದಕ್ಕೆ ಬಂತು. ಆ ಪಂಪಿನ ಹತ್ತಿರ ಬಹಳ ಹೊತ್ತು ನಿಂತಿತು. ಬಟ್ಟೆ ಹೊರಗೆ ಬಂತು. ಒಣಗಿತ್ತು.

ಇನ್ನು ಏಳಬೇಕು. ಎಡಗೈ ನೆಲಕ್ಕೆ ಊರಿ ಅರ್ಧ ಎದ್ದು ಕೂತರು. ಅದಕ್ಕಿಂತ ಮೇಲೆ ಏಳಲಾಗಲಿಲ್ಲ. ಊರಿದ ಕೈ ಎತ್ತಿದರೆ ಬೀಳುತ್ತಾರೆ. ಒಂದು ಗಳಿಗೆ ತಲೆ ತಗ್ಗಿಸಿ ಹಾಗೇ ಕೂತರು. ಆಮೇಲೆ ಜೇಬಿನಿಂದ ಬಲಗೈ ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೇ, ನನ್ನ ಕಡೆ ಚಾಚಿದರು.

"ಹಿಡ್ಕೋ."

ಹಿಡಿದುಕೊಂಡೆ. ಆ ಕೈಯಲ್ಲಿ ಬಲವಿರಲಿಲ್ಲ, ಹಿಡಿತವೆಲ್ಲ ನನ್ನದೇ. ಎಳೆದೆ. ಎದ್ದು ನಿಂತರು.

ಕಾರು ಬಿಟ್ಟರು. ತಿರುವಿನಲ್ಲಿ ಮರೆಯಾದ ಮೇಲೆ ಸದ್ದು ಮಾತ್ರ. ಮೂರನೆಯ ಗಿಯರ್, ನಾಲ್ಕನೆಯದು, ಪೂರ್ತಿ ಒತ್ತಿದ, ಎಲ್ಲೂ ಮುಗ್ಗರಿಸಲಿಲ್ಲ. ಮೇಲಿನ ಕಡಿದಾದ ಏರಿನಲ್ಲೂ ಒಂದೇ ಸಮ. ಸವತಿಯ ಸದ್ದು ಬೆಟ್ಟದ ತುದಿಯವರೆಗೂ ಕೇಳಿತು. ಟೈರಿನವನು ಅಭಿನಂದನೆ ಹೇಳಲು ಬಂದು ಕೈ ಚಾಚಿದ. ಇವರು ತಮ್ಮ ಬಲಗೈಯ ಕಡೆ ನೋಡಿ, ತಡಿಯಪ್ಪಾ, ಇದನ್ನ ಇವಳು ಬಿಡ್ತಾ ಇಲ್ಲ ಎಂದರು.